ಬಜ್ಪೆ ಪೈಲಟ್: ಬಳಕೆಯ ಕೈಪಿಡಿ (ತಿದ್ದುಪಡಿಗೆ ಒಳಪಟ್ಟಿದೆ)

ಅಭಿನಂದನೆಗಳು. ನೀವೀಗ ಮಂಗಳೂರಿಗೆ ಹಾರುವ ಪೈಲಟ್. ಕೈಪಿಡಿ ಓದಿ ಮುಗಿಸುವಷ್ಟರಲ್ಲಿ ಹೊಸ ಸುತ್ತೋಲೆ ಬಂದಿದ್ದರೆ ನಾವು ಹೊಣೆಯಲ್ಲ. ಬಂದಿಲ್ಲವೆಂದಾದರೆ ಫೋನಿನಲ್ಲಿ ಚಾರ್ಜ್ ಇದೆಯೇ ನೋಡಿಕೊಳ್ಳಿ.

1. ಜೋಡಣೆ
ಕಂಪನಿಯ ಬ್ಯಾಡ್ಜನ್ನು ಪಿನ್ನಿನಿಂದಲೇ ಸಿಕ್ಕಿಸಿ, ಹೊಲಿಸಬೇಡಿ. ಏರ್ ಡೆಕ್ಕನ್ ಕಿಂಗ್‌ಫಿಶರ್‌ನಲ್ಲಿ ಕರಗಿತು. ಕಿಂಗ್‌ಫಿಶರ್ 2012ರಲ್ಲಿ ನಿಂತಿತು, ಜೆಟ್ 2019ರ ಏಪ್ರಿಲ್‌ನಲ್ಲಿ. ವಿಸ್ತಾರ 2024ರಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯಿತು. ಕೈಯಲ್ಲಿ ಎಷ್ಟು ಸಾವಿರ ಗಂಟೆ ಹಾರಾಟವಿದ್ದರೂ ಹೊಸ ಕಂಪನಿಯ ಸೀನಿಯಾರಿಟಿ ಪಟ್ಟಿಯಲ್ಲಿ ಬಾಲದ ಕಡೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಿ.

2. ನೆಲ
ನೆಲವಾದರೂ ಇದ್ದಲ್ಲೇ ಇರುತ್ತದೆ ಎಂದುಕೊಳ್ಳಬೇಡಿ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದ ನಿಲ್ದಾಣವಿದು. ಹಳೆಯ ರನ್‌ವೇ 1,615 ಮೀಟರ್. 2006ರಲ್ಲಿ 2,450 ಮೀಟರಿನದು ಬಂತು. 2010ರಲ್ಲಿ ಟರ್ಮಿನಲ್ ಬಜ್ಪೆಯಿಂದ ಕೆಂಜಾರಿಗೆ ಹೋಯಿತು, 2020ರಲ್ಲಿ ಆಡಳಿತ ಅದಾನಿಯವರಿಗೆ. 2023ರಲ್ಲಿ ಡಾಮರು ಹಾಕುವುದಕ್ಕೆಂದು ನಾಲ್ಕು ತಿಂಗಳು ಹಗಲಲ್ಲಿ ರನ್‌ವೇ ಮುಚ್ಚಿದರು. ಇಷ್ಟಾದರೂ ಆಟೋದವರಿಗೆ ಅದು ಬಜ್ಪೆಯೇ.

3. ಮಳೆಗಾಲ
ಜೂನ್ ಬಂತೆಂದರೆ ಮೋಡ ಗುಡ್ಡದ ತಲೆಯ ಮೇಲೆಯೇ ಬಂದು ಕೂರುತ್ತದೆ, ರನ್‌ವೇ ಇರುವುದೂ ಅಲ್ಲೇ. ಇಂಧನ ಧಾರಾಳ ಇರಲಿ. ಬೆಂಗಳೂರಿಗೋ ಕಣ್ಣೂರಿಗೋ ತಿರುಗಿಸಿದಾಗ, "ಎಂತ ಕ್ಯಾಪ್ಟನ್, ಕೆಳಗೆ ಸಮುದ್ರ ಕಾಣ್ತಾ ಇತ್ತಲ್ಲ, ಇಳಿಸ್ಲಿಕ್ಕೆ ಎಂತ ತೊಂದ್ರೆ?" ಎಂದು ಕೇಳುವವರು ಇದ್ದೇ ಇರುತ್ತಾರೆ. ನಗುಮುಖ ಸಾಕು. ಸಮುದ್ರದಲ್ಲಿ ಇಳಿಸುವುದಿಲ್ಲ ಎಂದು ಹೇಳಬೇಡಿ.

4. ನಿದ್ದೆ
ಇದಕ್ಕೂ ತಿದ್ದುಪಡಿ ಉಂಟು. 2025ರಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಇಳಿಸುವ ಲೆಕ್ಕವೂ ಬಿಗಿಯಾಯಿತು. ಡಿಸೆಂಬರ್‌ನಲ್ಲಿ ಇಂಡಿಗೋದ ರೋಸ್ಟರ್ ಈ ನಿಯಮಕ್ಕೆ ಹೊಂದದೆ ಸಾವಿರಾರು ಹಾರಾಟ ರದ್ದಾದವು; ಕೊನೆಗೆ ತಿದ್ದುಪಡಿಗೇ ತಾತ್ಕಾಲಿಕ ವಿನಾಯಿತಿ ಸಿಕ್ಕಿತು. ಬದಲಾವಣೆಗೆ ಹೊಂದಿಕೊಳ್ಳುವ ಪಾಠ ಪೈಲಟ್‌ಗೆ ಮಾತ್ರ ಸಾಲದು.

5. ಎಚ್ಚರಿಕೆ: ಈ ಕಲಮಿಗೆ ತಿದ್ದುಪಡಿ ಇಲ್ಲ
ರನ್‌ವೇ ಮುಗಿದಲ್ಲಿ ಗುಡ್ಡವೂ ಮುಗಿಯುತ್ತದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಸಹ ಪೈಲಟ್ 'ಗೋ ಅರೌಂಡ್', ಅಂದರೆ ಇಳಿಸದೆ ಮತ್ತೆ ಮೇಲೇರಿ, ಎಂದು ಮತ್ತೆ ಮತ್ತೆ ಹೇಳಿದರು. ವಿಮಾನ ಇಳಿಯಿತು, ನಿಲ್ಲಲಿಲ್ಲ. 158 ಮಂದಿ ಹೋದರು, ಉಳಿದವರು ಎಂಟು.

ಆದ್ದರಿಂದ ವೇಗ, ಎತ್ತರ, ಚಕ್ರ, ಫ್ಲ್ಯಾಪ್ ಯಾವುದೊಂದು ಸರಿಯಿಲ್ಲದಿದ್ದರೂ ಥ್ರಸ್ಟ್ ಲಿವರ್ ಮುಂದಕ್ಕೆ ತಳ್ಳಿ, ಮೂತಿ ಎತ್ತಿ, ವಿಮಾನ ಏರುತ್ತಿದೆಯೆಂದು ಖಾತ್ರಿಯಾದ ಮೇಲೆ ಚಕ್ರ ಮಡಚಿ. 'ಗೋ ಅರೌಂಡ್' ಎಂಬ ಮಾತು ಪಕ್ಕದ ಸೀಟಿನ ಕಿರಿಯರಿಂದ ಬಂದರೂ ಇದೇ ಕ್ರಮ. ಹೊಸ ಸಮವಸ್ತ್ರ ಯಾರಾದರೂ ತೊಟ್ಟಾರು. ಇಳಿಸಿಯೇ ಬಿಡುತ್ತೇನೆಂದು ಹೊರಟ ಮನಸ್ಸನ್ನು ಕೊನೇ ಗಳಿಗೆಯಲ್ಲಿ ತಿರುಗಿಸುವುದೇ ಈ ಕಸುಬಿನಲ್ಲಿ ಹೊಂದಿಕೊಳ್ಳುವುದು. ಹಿಂದೆ ಕೂತವರು ಹದಿನೈದು ನಿಮಿಷ ಗೊಣಗಲಿ. ಗೊಣಗಲು ಅವರಿರಬೇಕಲ್ಲ.

6. ವಾರಂಟಿ
ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಪರೀಕ್ಷೆ, ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ. 65 ತುಂಬಿದ ಮೇಲೆ ಗುರುತಿನ ಚೀಟಿಯನ್ನು ಕಂಪನಿಗೆ ಒಪ್ಪಿಸತಕ್ಕದ್ದು. ಆ ಹೊತ್ತಿಗೆ ಕಂಪನಿಯ ಹೆಸರೇನೆಂದು ಮೊದಲೇ ವಿಚಾರಿಸಿಕೊಂಡು ಹೊರಡಿ.