ಮುಳುಗುವವರಿಗೊಂದು ಕ್ಯಾಮೆರಾ

ಸ್ಕೂಬಾ ಡೈವಿಂಗಿಗೆಂದು ಕ್ಯಾಮೆರಾ ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ದೂರದ ಜೂಮ್ ಎಂಬುದೆಲ್ಲ ದಡದ ಮೇಲಿನ ಚರ್ಚೆ. ಸಿಲಿಂಡರಿನಲ್ಲಿ ಉಳಿದ ಗಾಳಿ, ಕಿವಿಯೊಳಗಿನ ಒತ್ತಡ, ಬೋಧಕರ ಕೈಸನ್ನೆ ಇಷ್ಟನ್ನೂ ಒಟ್ಟಿಗೆ ಗಮನಿಸಬೇಕಾದವರಲ್ಲಿ ಮಿಕ್ಕುವ ಬುದ್ಧಿ ಒಂದು ಗುಂಡಿ ಒತ್ತುವಷ್ಟು ಮಾತ್ರ. ಆ ಒಂದು ಗುಂಡಿಯಲ್ಲಿ ಕೆಲಸ ಮುಗಿಸುವುದೇ ಸರಳ ಕ್ಯಾಮೆರಾ. ಅದು ನಿಜವಾದ ಗುಂಡಿಯೇ ಆಗಿರಬೇಕು. ಟಚ್‌ಸ್ಕ್ರೀನ್ ನೀರಿನೊಳಗೆ ಯಾರ ಮಾತನ್ನೂ ಕೇಳುವುದಿಲ್ಲ.

ಮೊದಲು ನೋಡಬೇಕಾದದ್ದು ಆಳ. ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಮೊಬೈಲಿನ ವಾಟರ್‌ಪ್ರೂಫ್ ಹೆಗ್ಗಳಿಕೆ ಸಾಮಾನ್ಯವಾಗಿ ಸಿಹಿನೀರಿನ ಪರೀಕ್ಷೆಯಲ್ಲಿ ಗಳಿಸಿದ್ದು; ಅರಬ್ಬೀ ಸಮುದ್ರದೊಂದಿಗೆ ಅದು ಯಾವ ಕರಾರನ್ನೂ ಮಾಡಿಕೊಂಡಿಲ್ಲ. ಗೋಪ್ರೋ ಹೀರೋದ ಹಲವು ಮಾದರಿಗಳಂಥ ಆಕ್ಷನ್ ಕ್ಯಾಮೆರಾ ಬರಿಮೈಯಲ್ಲಿ 10 ಮೀಟರ್, ಹೌಸಿಂಗ್ ಎಂಬ ಕವಚ ತೊಟ್ಟರೆ 60 ಮೀಟರ್ ತಾಳುತ್ತದೆ. ಒಲಿಂಪಸ್ ಟಿಜಿ-6ಕ್ಕೆ ಈ ಲೆಕ್ಕ 15 ಮತ್ತು 45. ಓಪನ್ ವಾಟರ್ ತರಬೇತಿ ಮುಗಿಸಿದವರ ಮಿತಿಯೇ 18 ಮೀಟರ್ ಆದ್ದರಿಂದ ಎರಡರಲ್ಲಿ ಯಾವುದಾದರೂ ಸಾಕು, ಕವಚ ಮಾತ್ರ ಬೇಕೇ ಬೇಕು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮೊದಲ ಸಲ ನೀರಿಗಿಳಿಯುವವರಿಗೆ ಕ್ಯಾಮೆರಾವೇ ಬೇಡ. ಅಲ್ಲಿ ಪ್ಯಾಕೇಜಿನೊಳಗೇ ಫೋಟೊ, ವಿಡಿಯೊ ಸೇರಿರುವುದುಂಟು. ಗ್ರಾಹಕರ ಪಾಲಿಗೆ ಉಳಿಯುವುದು ಕಣ್ಣರಳಿಸುವ ಕೆಲಸ.

ಎರಡನೆಯ ತಾಪತ್ರಯ ಬಣ್ಣದ್ದು. ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನು ನುಂಗುತ್ತದೆ. ಸುಮಾರು 5 ಮೀಟರ್ ದಾಟುವಷ್ಟರಲ್ಲಿ ಅದು ಬಹುಪಾಲು ಮಾಯ. ಇನ್ನೂ ಇಳಿದಂತೆ ಕಿತ್ತಳೆ, ಹಳದಿಗಳೂ ಅದರ ದಾರಿ ಹಿಡಿಯುತ್ತವೆ. ಫೋಟೊಗೆಂದೇ ಕೊಂಡ ಕೆಂಪು ಈಜುಡುಗೆ ಮಾಸಲಾಗಿ ಮಾಲೀಕರನ್ನು ಪೆಚ್ಚಾಗಿಸುವುದು ಇಲ್ಲಿಯೇ. ನೀಲಿ ನೀರಿನಲ್ಲಿ ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದರೆ ಬಣ್ಣ ಒಂದಿಷ್ಟು ಮರಳುತ್ತದೆ. ಟಾರ್ಚ್ ಹಚ್ಚಿದಾಗ ಫಿಲ್ಟರನ್ನು ತೆಗೆಯದಿದ್ದರೆ ಮೀನೆಲ್ಲ ಕುಂಕುಮಾರ್ಚನೆ ಮುಗಿಸಿಕೊಂಡು ಬಂದಂತೆ ಕಾಣುತ್ತದೆ. ಕ್ಯಾಮೆರಾದ ಸ್ವಂತ ಫ್ಲ್ಯಾಶನ್ನು ಆರಿಸಿಟ್ಟಷ್ಟೂ ಒಳ್ಳೆಯದು: ಲೆನ್ಸಿನ ಪಕ್ಕದಿಂದಲೇ ಹೊರಟ ಬೆಳಕು ನೀರಿನಲ್ಲಿ ತೇಲುವ ಕಣಗಳನ್ನೆಲ್ಲ ಬಿಳಿ ಚುಕ್ಕೆಗಳಾಗಿ ಎತ್ತಿ ತೋರಿಸುತ್ತದೆ. ಬೆಳಕು ಪಕ್ಕದಿಂದ ಬೀಳಬೇಕು. ಅದಕ್ಕೆ ಚಿಕ್ಕ ಕೋಲಿನ ತುದಿಗೆ ಸಿಕ್ಕಿಸಿದ ಒಂದು ವಿಡಿಯೊ ಲೈಟ್ ಸಾಕು.

ಗಾತ್ರದ, ದೂರದ ಲೆಕ್ಕವೂ ಬೇರೆಯೇ. ಮುಖವಾಡದ ಗಾಜಿನಾಚೆಗಿನ ಮುಕ್ಕಾಲು ಅಡಿಯ ಮೀನು ವಕ್ರೀಭವನದಿಂದಾಗಿ ಒಂದಡಿಯಾಗಿ ಕಾಣುತ್ತದೆ. ಊರಿಗೆ ಬಂದ ಮೇಲೆ ಅದು ಮೂರಡಿಯಾಗುವುದಕ್ಕೆ ವಿಜ್ಞಾನ ಹೊಣೆಯಲ್ಲ. ನಡುವೆ ನೀರು ಹೆಚ್ಚಾದಷ್ಟೂ ಚಿತ್ರ ಮಂಕಾಗುವುದರಿಂದ ಜೂಮ್ ಇಲ್ಲಿ ನಿರುಪಯೋಗಿ. ಅಗಲ ನೋಟದ ಲೆನ್ಸ್ ಹಿಡಿದು ಒಂದು ಮೀಟರಿನೊಳಗೆ ಹೋಗಬೇಕು. ಮೀನಿನ ಒಪ್ಪಿಗೆ ಬೇರೆ ಮಾತು.

ಇಡೀ ಸರಂಜಾಮಿನಲ್ಲಿ ಅತಿ ಅಗ್ಗದ, ಅತಿ ಅಧಿಕಾರಯುತ ವಸ್ತುವೆಂದರೆ ಕವಚದ ಅಂಚಿನ ಓ-ರಿಂಗ್ ಎಂಬ ರಬ್ಬರ್ ಬಳೆ. ಅದರ ಮೇಲೊಂದು ಕೂದಲೆಳೆ ಅಥವಾ ಮರಳಿನ ಕಣ ಕೂತರೆ ಸಮುದ್ರಕ್ಕೆ ಬಾಗಿಲು ತೆರೆದಂತೆಯೇ. ಬಳೆಯನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ತಯಾರಕರು ಹೇಳಿದ ಗ್ರೀಸನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಬೇಕು. ಹೊಸ ಕವಚವನ್ನು ಮೊದಲು ಬರಿದಾಗಿಯೇ, ಒಳಗೊಂದು ಟಿಶ್ಯೂ ಕಾಗದವಿಟ್ಟು ಮುಳುಗಿಸುವುದು ಜಾಣತನ. ನೆನೆಯುವುದಿದ್ದರೆ ಕಾಗದ ನೆನೆಯಲಿ. ಒಳಗೆ ಮಂಜು ಹಿಡಿಯದಂತೆ ಸಿಲಿಕಾ ಜೆಲ್ಲಿನ ಪೊಟ್ಟಣವಿಡಬೇಕು. ಮೇಲೆ ಬಂದ ಬಳಿಕ ಮುಚ್ಚಿದ ಕವಚವನ್ನು ಸಿಹಿನೀರಿನ ಬಕೆಟ್ಟಿನಲ್ಲಿ ನೆನೆಹಾಕಿ, ಪ್ರತಿ ಗುಂಡಿಯನ್ನೂ ಒತ್ತಿ ಒತ್ತಿ ಉಪ್ಪು ಬಿಡಿಸಬೇಕು.

ಕೊನೆಯದು ಹಿಡಿದವರ ಸ್ಥಿತಿ. ನೀರಿನಲ್ಲಿ ಏರದೆ ಇಳಿಯದೆ ನಿಲ್ಲಲು ಬಾರದವರು ಚಿತ್ರದ ಆಸೆಗೆ ಉಸಿರು ಕಟ್ಟುತ್ತಾರೆ, ಹವಳದ ಮೇಲೆ ಕೈಯೂರುತ್ತಾರೆ, ಎರಡೂ ಕೂಡದು. ಆದ್ದರಿಂದ ಸರಳ ಪಟ್ಟಿ ಇಷ್ಟು: ಚಿಕ್ಕ ಕ್ಯಾಮೆರಾ, ಕವಚ, ಒಂದು ಫಿಲ್ಟರ್, ಒಂದು ಲೈಟ್, ಜಾಕೆಟ್ಟಿಗೆ ಸಿಕ್ಕಿಸುವ ದಾರ. ಹಣ ಮಿಕ್ಕರೆ ಇನ್ನೊಂದು ಲೆನ್ಸಿನ ಬದಲು ಇನ್ನೆರಡು ಡೈವ್ ಮಾಡುವುದು ಚಿತ್ರಕ್ಕೂ ಹವಳಕ್ಕೂ ಲಾಭ.