ಗ್ಯಾಂಗಿನ ಮಕ್ಕಳ ಲಸಿಕೆ: ಸಕ್ಕರೆ ಕಾರ್ಖಾನೆಗಳ ಚೇರಮನ್‌ರಿಗೆ ಒಂದು ಬಹಿರಂಗ ಪತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಸಕ್ಕರೆ ಕಾರ್ಖಾನೆಗಳ ಚೇರಮನ್ ಸಾಹೇಬರಿಗೆ, ನಿರ್ದೇಶಕ ಮಂಡಳಿಯ ಎಲ್ಲ ಹಿರಿಯರಿಗೆ, ಒಬ್ಬ ಕಬ್ಬು ಬೆಳೆಗಾರ ಸಭಾಸದ ಬರೆಯುವ ಪತ್ರವಿದು.

ಲಸಿಕೆಯ ವಿಷಯ ನಮಗೇಕೆ ಬರೆದಿದ್ದಾನೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ನಿಮಗೇ ಬರೆಯಲು ಕಾರಣವಿದೆ. ಇವತ್ತು ಯಾವ ಹೊಲದಲ್ಲಿ ಯಾವ ಗ್ಯಾಂಗ್ ಕಬ್ಬು ಕಡಿಯುತ್ತಿದೆ, ನಾಳೆ ಎಲ್ಲಿಗೆ ಹೋಗುತ್ತದೆ ಎಂಬುದು ತಹಶೀಲ್ದಾರರಿಗೆ ಗೊತ್ತಿರುವುದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಗೊತ್ತಿರುವುದಿಲ್ಲ. ನಿಮ್ಮ ಫೀಲ್ಡ್‌ಮನ್‌ಗೆ ಗೊತ್ತಿರುತ್ತದೆ. ಯಾರ ಹೊಲ, ಯಾವ ತಳಿ, ಕಡಿಯುವ ಪಾಳಿ ಯಾವಾಗ, ಟ್ರ್ಯಾಕ್ಟರ್ ನಂಬರು ಎಷ್ಟು, ಕಾಟಾದ ಮೇಲೆ ಬಂದ ತೂಕ ಎಷ್ಟು, ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲಿದೆ. ಆ ಗ್ಯಾಂಗಿನ ಜೊತೆ ಬಂದಿರುವ ಕೂಸುಗಳ ಹೆಸರು ಮಾತ್ರ ನಾನು ಬಲ್ಲ ಯಾವ ದಫ್ತರಿನಲ್ಲೂ ಇಲ್ಲ.

ದೀಪಾವಳಿಯ ಸುಮಾರಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರ ಕಡೆಯ ತಾಂಡಾಗಳಿಂದ ಈ ಕುಟುಂಬಗಳು ಬಂದಿಳಿಯುತ್ತವೆ. ಗಂಡ ಹೆಂಡತಿ ಸೇರಿ ಒಂದು ಜೋಡಿ. ಗ್ಯಾಂಗ್ ಕಟ್ಟಿ ತರುವ ಮುಕಾದಮನಿಂದ ಪಡೆದ ಮುಂಗಡ ತೀರುವವರೆಗೆ ದುಡಿತ. ನಸುಕಿಗೆ ಹೊಲಕ್ಕಿಳಿದರೆ ರಾತ್ರಿ ಟ್ರೇಲರ್ ತುಂಬಿಸುವವರೆಗೆ ಬೆನ್ನು ನೆಟ್ಟಗಾಗುವುದಿಲ್ಲ. ಹಾಲುಗೂಸು ರವದಿಯ ಮೇಲೆ ಹಾಸಿದ ಹಳೆಯ ಸೀರೆಯಲ್ಲಿ ಮಲಗಿರುತ್ತದೆ, ಐದಾರು ವರ್ಷದ ಅಕ್ಕ ಕಾಯುತ್ತಿರುತ್ತಾಳೆ. ನಮ್ಮ ನಿಮ್ಮ ಹೊಲಗಳಲ್ಲೇ ದಿನಾಲೂ ಕಾಣುವ ನೋಟ ಇದು.

ಮೇ ತಿಂಗಳಲ್ಲಿ ತಮ್ಮೂರಿನಲ್ಲಿ ಹುಟ್ಟಿದ ಒಂದು ಕೂಸಿನ ಲೆಕ್ಕ ಹಾಕಿ ನೋಡಿ. 6, 10, 14 ವಾರಗಳ ಲಸಿಕೆಗಳು ಮಳೆಗಾಲದಲ್ಲಿ ಊರಲ್ಲೇ ಮುಗಿಯುತ್ತವೆ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಅಂದರೆ ಫೆಬ್ರುವರಿಯಲ್ಲಿ. ಆಗ ಆ ಕೂಸು ಅಥಣಿಯ ಯಾವುದೋ ಹೊಲದಲ್ಲಿರುತ್ತದೆ. ಎರಡನೆಯ ಡೋಸ್ 16ರಿಂದ 24 ತಿಂಗಳೊಳಗೆ; ಸೆಪ್ಟೆಂಬರಿನಲ್ಲಿ ಊರಲ್ಲಿರುವಾಗ ಹಾಕಿಸದಿದ್ದರೆ ಮತ್ತೆ ಹಂಗಾಮು ಬಂದೇ ಬಿಡುತ್ತದೆ. ಇನ್ನು ಫೆಬ್ರುವರಿಯಲ್ಲಿ ಇಲ್ಲಿಯೇ, ಗುಡಿಸಲಿನಲ್ಲಿ ಹುಟ್ಟಿದ ಕೂಸಿನ ಗತಿ ಏನು? ಹುಟ್ಟಿದ 24 ಗಂಟೆಯೊಳಗೆ ಕಾಮಾಲೆಯ ಹೆಪಟೈಟಿಸ್ ಬಿ ಲಸಿಕೆ, ಜೊತೆಗೆ ಬಿಸಿಜಿ, ಪೋಲಿಯೋ ಹನಿ ಸಿಗಬೇಕು. ಆರನೆಯ ವಾರ ಬರುವ ಹೊತ್ತಿಗೆ ಹಂಗಾಮು ಮುಗಿದು ಮನೆಮಂದಿ ಗಂಟುಮೂಟೆ ಕಟ್ಟುತ್ತಿರುತ್ತಾರೆ. ಇಲ್ಲಿಯ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿರುವುದು ಆಕೆಯ ಊರಿನ ಮನೆಗಳು. ಅವರ ಸ್ವಂತ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಈ ಮನೆಯ ಎದುರಿಗೆ ‘ಬೀಗ ಹಾಕಿದೆ’ ಎಂಬ ಷರಾ. ಇಬ್ಬರೂ ತಮ್ಮ ಕೆಲಸ ನಿಷ್ಠೆಯಿಂದ ಮಾಡಿದರೂ ಕೂಸು ತಪ್ಪಿಹೋಗುತ್ತದೆ.

ಈ ಕುಟುಂಬಗಳು ಮಕ್ಕಳಿಗೆ ಸೂಜಿ ಹಾಕಿಸಲು ಒಪ್ಪುವುದಿಲ್ಲ ಎಂಬ ಮಾತನ್ನು ದಯವಿಟ್ಟು ಮುಂದೆ ಮಾಡಬೇಡಿ. ಸೂಜಿ ಹಾಕಿದ ರಾತ್ರಿ ಕೂಸಿಗೆ ಜ್ವರ ಬಂದರೆ ಮರುದಿನ ಯಾರು ನೋಡಿಕೊಳ್ಳಬೇಕು, ಒಂದು ದಿನದ ಕೂಲಿ ಹೋದರೆ ಮುಕಾದಮ ಏನಂದಾನು, ಇದು ಆ ತಾಯಿಯ ಚಿಂತೆ. ಲಸಿಕೆ ಹಾಕುವ ಗುರುವಾರ ಅರ್ಧ ದಿನದ ಕೂಲಿ ಕೊಟ್ಟು ಬಿಡುವು ಮಾಡಿಸಿದರೆ ಆ ಚಿಂತೆ ಅರ್ಧ ಇಳಿಯುತ್ತದೆ. ಅಷ್ಟು ಮಾಡಿಸುವ ಶಕ್ತಿ ಈ ಸೀಮೆಯಲ್ಲಿ ಯಾರಿಗಿದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಹಲವರು ಶಾಸಕರಾದವರು, ಮಂತ್ರಿಗಳಾದವರು.

ನಮ್ಮ ಕಡೆ ಗೊಬ್ಬರ ಎನ್ನುವ ದಡಾರವನ್ನು ಮೈಮೇಲೆ ಬಂದುಹೋಗುವ ಸಣ್ಣ ಬೇನೆಯೆಂದು ತಿಳಿದವರು ಇನ್ನೂ ಇದ್ದಾರೆ. ರಕ್ಷಣೆಯಿಲ್ಲದವರ ನಡುವೆ ದಡಾರದ ಒಬ್ಬ ರೋಗಿ 12ರಿಂದ 18 ಜನರಿಗೆ ಅದನ್ನು ಅಂಟಿಸಬಲ್ಲ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಆ ವೈರಸ್ ಎರಡು ಗಂಟೆಯವರೆಗೂ ಉಳಿಯುತ್ತದೆ. ಅದನ್ನು ತಡೆದು ನಿಲ್ಲಿಸಲು ನೂರರಲ್ಲಿ 95 ಮಕ್ಕಳಿಗಾದರೂ ಎರಡೂ ಡೋಸ್ ಬಿದ್ದಿರಬೇಕು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಇನ್ನೂ ಆತಂಕದ ಸಂಗತಿಯನ್ನು ತೋರಿಸಿತು: ಲಸಿಕೆ ಪಡೆಯದೆ ದಡಾರಕ್ಕೆ ತುತ್ತಾದ ಮಕ್ಕಳಲ್ಲಿ, ಬೇರೆ ರೋಗಗಳ ವಿರುದ್ಧ ಮೊದಲೇ ಕೂಡಿಟ್ಟಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿದ್ದವು. ದಡಾರ ವಾಸಿಯಾದ ಕೂಸು ಮುಂದೆ ನ್ಯುಮೋನಿಯಾಕ್ಕೋ ಭೇದಿಗೋ ಸಾಯಬಹುದು. ಆ ಸಾವು ದಡಾರದ ಲೆಕ್ಕಕ್ಕೆ ಸೇರುವುದೂ ಇಲ್ಲ. 2022ರಲ್ಲಿ ಮುಂಬೈಯ ಗೋವಂಡಿಯಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. ಡಾಕ್ಟರ್ ಬೇಕೆಂದರೆ ಮಿರಜಿಗೆ, ಮದುವೆ ಜವಳಿಗೆ ಕೊಲ್ಹಾಪುರಕ್ಕೆ ಹೋಗಿಬರುವ ನಾವು ಮುಂಬೈ ದೂರ ಎಂದು ಕೂರುವಂತಿಲ್ಲ.

ಗಡಿಯಲ್ಲಿ ಲೆಕ್ಕ ಇಡಲು ನಮಗೆ ಬರುವುದಿಲ್ಲವೇ? 2021ರಲ್ಲಿ, ಕೋವಿಡ್ ಕಾಲದಲ್ಲಿ, ನಿಪ್ಪಾಣಿಯ ಕೊಗನೊಳಿ ಚೆಕ್‌ಪೋಸ್ಟಿನಲ್ಲಿ ಮಹಾರಾಷ್ಟ್ರದಿಂದ ಬರುವವರ ಆರ್‌ಟಿಪಿಸಿಆರ್ ವರದಿ ನೋಡಿ ಒಳಗೆ ಬಿಟ್ಟೆವು, ಇಲ್ಲದವರನ್ನು ತಿರುಗಿ ಕಳಿಸಿದೆವು. ನಮ್ಮ ಜೀವಕ್ಕೆ ಭಯವಿದ್ದಾಗ ಒಬ್ಬೊಬ್ಬರ ಕಾಗದವನ್ನೂ ನೋಡಿದವರು ನಾವು. ಈಗ ಲಸಿಕೆ ದಾಖಲಿಸುವ ಯು-ವಿನ್ ಜಾಲತಾಣ ಬಂದಿದೆ. ಬೀಡ್‌ನಲ್ಲಿ ಹೆಸರು ಬರೆಸಿದ ಕೂಸಿಗೆ ರಾಯಬಾಗದಲ್ಲಿ ಮುಂದಿನ ಡೋಸ್ ಹಾಕಿ ಅಲ್ಲಿಯೇ ದಾಖಲಿಸಬಹುದು. ಇರುವ ಕೊರತೆ ಒಂದೇ: ಆ ಕೂಸು ಎಲ್ಲಿದೆ ಎಂದು ನರ್ಸಬಾಯಿಗೆ ಹೇಳುವವರು ಬೇಕು.

ರಾಮದುರ್ಗದ ವಿಷಯ ಬಿಟ್ಟು ಲಸಿಕೆಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಮಾತಾಡುವುದು ಅಪ್ರಾಮಾಣಿಕವಾದೀತು. 2022ರ ಜನವರಿಯಲ್ಲಿ ಆ ತಾಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಡಬೇಕಾದಂತೆ ಇಡದೆ ನಿರ್ಲಕ್ಷಿಸಿದ್ದು ಮೇಲ್ನೋಟಕ್ಕೆ ಕಂಡಿದೆ ಎಂದು ಅಧಿಕಾರಿಗಳು ಹೇಳಿದರು, ಇಬ್ಬರು ಸಿಬ್ಬಂದಿಯನ್ನು ಅಮಾನತು ಮಾಡಿದರು. ಆ ತಾಯಂದಿರ ಎದುರು ನಿಂತು ಲಸಿಕೆ ಒಳ್ಳೆಯದು ಎಂದು ಹೇಳಲು ಯಾರಿಗೂ ಬಾಯಿ ಬಾರದು. ಆದರೂ ಆ ದುರಂತ ನಮಗೆ ಕಲಿಸಬೇಕಾದದ್ದು ಲಸಿಕೆಯ ಮೇಲಿನ ಭಯವನ್ನಲ್ಲ. ಪುಡಿಯ ರೂಪದ ಈ ಲಸಿಕೆಯನ್ನು ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಅದರಲ್ಲಿ ರೋಗಾಣು ಬೆಳೆಯದಂತೆ ತಡೆಯುವ ರಾಸಾಯನಿಕ ಇರುವುದಿಲ್ಲ. ತೆರೆದಿಟ್ಟ ಬಾಟಲಿ ಮರುದಿನಕ್ಕೆ ವಿಷವಾಗಬಲ್ಲದು. ಬಳಸುವ ಮೊದಲು ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಊರಿಂದೂರಿಗೆ ನಾಲ್ಕು ಐಸ್‌ಪ್ಯಾಕ್ ಇಟ್ಟ ಕ್ಯಾರಿಯರಿನಲ್ಲೇ ಹೋಗಬೇಕು. ಇಷ್ಟನ್ನೂ ಒಬ್ಬ ನರ್ಸಬಾಯಿ ಸಿಕ್ಕ ಬಸ್ಸು ಹಿಡಿದು, ಎರಡು ಮೂರು ಹಳ್ಳಿ ಸುತ್ತಿ ನಿಭಾಯಿಸಬೇಕೆಂದು ನಾವು ಬಯಸುತ್ತೇವೆ. ಕೆಳಗಿನವರನ್ನು ಅಮಾನತು ಮಾಡಿದ ಮೇಲೆ ಮೇಲಿನವರು ಒಂದು ವಾಹನ, ಕರೆಂಟ್ ಹೋದರೂ ತಂಪು ಕಾಯುವ ಒಂದು ಫ್ರಿಜ್, ಒಬ್ಬ ಹೆಚ್ಚಿನ ನರ್ಸ್ ಕೊಟ್ಟರೇ ಎಂದು ಕೇಳಬೇಕಾದವರು ನಾಯಕರು. ಹಂಗಾಮಿನಲ್ಲಿ ನಿಮ್ಮ ಜೀಪುಗಳು ಗ್ಯಾಂಗುಗಳಿದ್ದ ಹೊಲಗಳಿಗೆ ಹೇಗೂ ಹೋಗುತ್ತವೆ. ಗುರುವಾರ ಒಂದು ಜೀಪಿನಲ್ಲಿ ನರ್ಸಬಾಯಿಯೂ ಆಕೆಯ ಕ್ಯಾರಿಯರೂ ಕೂರಲಿ.

ಲಸಿಕೆ ಎಂಬುದು ಎಲ್ಲಿಂದಲೋ ಬಂದು ಬಿದ್ದ ಸರಕಾರಿ ಯೋಜನೆ ಎಂಬಂತೆ ಮಾತಾಡುವ ಹಿರಿಯರಿಗೆ ಬೆಳಗಾವಿಯ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಗೊತ್ತಿದೆ. ಸಭೆ, ಮೇಳ, ಪ್ರದರ್ಶನಗಳಿಗೆ ಹೋಗಿ ಅಲ್ಲಿಯ ಮರಗಳ ನೆರಳಲ್ಲಿ ಕುಳಿತು ಬಂದಿದ್ದೀರಿ. ಕರುಗಳ ಚರ್ಮದ ಮೇಲೆ ಬೆಳೆಸಿದ ಸಿಡುಬಿನ ಲಸಿಕೆಯನ್ನು ತಯಾರಿಸುತ್ತಿದ್ದ ಸಂಸ್ಥೆ ಅದು. ದೇಶ ಸಿಡುಬನ್ನು ಬೇರುಸಹಿತ ಕೀಳಲು ಹೊರಟಾಗ ಒಣಗಿಸಿದ ಲಸಿಕೆಯನ್ನು ತಯಾರಿಸಿಕೊಟ್ಟ ಕೇಂದ್ರಗಳು ಭಾರತದಲ್ಲಿ ನಾಲ್ಕೇ: ಪಟವಾಡಾಂಗರ, ಗಿಂಡಿ, ಹೈದರಾಬಾದ್ ಮತ್ತು ನಮ್ಮ ಬೆಳಗಾವಿ. 1975ರಲ್ಲಿ ದೇಶದ ಕೊನೆಯ ಸಿಡುಬು ರೋಗಿ ಕಂಡದ್ದು, 1977ರಲ್ಲಿ ಭಾರತ ಸಿಡುಬುಮುಕ್ತವೆಂದು ದೃಢಪಟ್ಟದ್ದು. ಆ ಕೆಲಸದಲ್ಲಿ ನಮ್ಮ ಜಿಲ್ಲೆಯ ಕೈಯಿತ್ತು. 2020ರಲ್ಲಿ ಕೊವ್ಯಾಕ್ಸಿನ್‌ನ ಮೊದಲ ಹಂತಗಳ ಪ್ರಯೋಗ ನಡೆದ ದೇಶದ ಕೆಲವೇ ಆಸ್ಪತ್ರೆಗಳಲ್ಲಿ ಬೆಳಗಾವಿಯ ಜೀವನರೇಖಾ ಒಂದು. ಏನೆಂದು ಪೂರ್ತಿ ತಿಳಿಯದಿದ್ದ ಆ ದಿನಗಳಲ್ಲಿ ತೋಳು ಕೊಟ್ಟವರು ಸಾಮಾನ್ಯ ಜನ.

ಲಸಿಕೆಯದ್ದಲ್ಲದಿದ್ದರೂ ಇದೇ ಜಿಲ್ಲೆಯ ಇನ್ನೊಂದು ಸಂಶೋಧನೆಯನ್ನು ನಿಮ್ಮ ಸಭಾಗೃಹಗಳಲ್ಲಿ ಹೇಳಬೇಕು ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿನವರು ಈ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ 1620 ಬಾಣಂತಿಯರ ಮೇಲೆ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ನುಂಗಿಸಿದರೆ ರಕ್ತಸ್ರಾವ ಕಡಿಮೆಯಾದೀತೇ ಎಂಬುದು ಪ್ರಶ್ನೆ. ಮಾತ್ರೆ ಕೊಟ್ಟವರು, ಸೋರಿದ ರಕ್ತವನ್ನು ಅಳೆದವರು ಹಳ್ಳಿಯ ನರ್ಸಬಾಯಿಯರು. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಡಾಕ್ಟರಿಲ್ಲದ, ಫ್ರಿಜ್ ಇಲ್ಲದ ಊರುಗಳ ಬಾಣಂತಿಯರಿಗೆ ಜಗತ್ತಿನ ಎಲ್ಲೆಡೆ ಉಪಯೋಗವಾಗುವ ತಿಳಿವಳಿಕೆ ನಮ್ಮ ಹಳ್ಳಿಗಳಿಂದ ಹೋಯಿತು.

ಅದಕ್ಕೆ ಹಣ ಕೊಟ್ಟವರು ಅಮೆರಿಕ ಸರಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಮತ್ತು ಗೇಟ್ಸ್ ಫೌಂಡೇಶನ್. ಕೊಟ್ಟವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಅದೇ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಹೊರದೇಶದ ಪಾಲುದಾರರಿಗೆ ಉಪ-ಅನುದಾನ ಹಂಚುವ ಹಳೆಯ ಪದ್ಧತಿಯನ್ನು ನಿಲ್ಲಿಸುತ್ತೇವೆ ಎಂದು ಸಾರಿದವು. ನಮ್ಮ ಬಾಣಂತಿಯರ, ನಮ್ಮ ಕೂಸುಗಳ ಪ್ರಶ್ನೆಗೆ ಉತ್ತರ ಹುಡುಕುವ ಹಣ ಸದಾ ಸಮುದ್ರದಾಚೆಯಿಂದ ಬರುತ್ತದೆ ಎಂದು ನಂಬಿ ಕೂರಬಾರದು. ಕಬ್ಬಿಗೆ ನಾವು ಹಾಗೆ ಕೂತಿಲ್ಲ. ಕಬ್ಬಿನ ಸಂಶೋಧನೆಗೆ ಸಂಕೇಶ್ವರದಲ್ಲಿ ಕೇಂದ್ರವಿದೆ, ಬೀಡಿ ತಂಬಾಕಿಗೆ ನಿಪ್ಪಾಣಿಯಲ್ಲಿದೆ, ಸಕ್ಕರೆ ಉದ್ಯಮಕ್ಕಾಗಿ ಬೆಳಗಾವಿಯಲ್ಲಿ ನಿಜಲಿಂಗಪ್ಪನವರ ಹೆಸರಿನ ಸಂಸ್ಥೆಯೇ ಇದೆ. ಇಳುವರಿ ಒಂದು ಪಾಯಿಂಟ್ ಇಳಿದರೆ ಏಕೆಂದು ಹುಡುಕಲು ವಿಜ್ಞಾನಿಗಳನ್ನು ಕರೆಸುತ್ತೇವೆ. ಗ್ಯಾಂಗಿನ ಮಕ್ಕಳಲ್ಲಿ ಎಷ್ಟು ಜನಕ್ಕೆ ದಡಾರದ ಎರಡೂ ಡೋಸ್ ಸಿಕ್ಕಿದೆ, ಲಸಿಕೆಯನ್ನು ಗುಡಿಸಲಿಗೆ ಒಯ್ದರೆ ಒಳ್ಳೆಯದೋ ಕಾರ್ಖಾನೆಯ ಅಂಗಳದಲ್ಲಿ ಸಂಜೆ ಹಾಕಿದರೆ ಒಳ್ಳೆಯದೋ, ಮುಕಾದಮನ ಮೊಬೈಲಿಗೆ ನೆನಪೋಲೆ ಕಳಿಸಿದರೆ ಫಲ ಉಂಟೋ, ಇದನ್ನು ಎರಡು ಹಂಗಾಮು ಅಚ್ಚುಕಟ್ಟಾಗಿ ಪರೀಕ್ಷಿಸಿ ನೋಡಲು ಬೆಳಗಾವಿಯಲ್ಲೇ ವೈದ್ಯಕೀಯ ಕಾಲೇಜುಗಳಿವೆ, ಐಸಿಎಂಆರ್‌ನ ಸಂಸ್ಥೆಯಿದೆ. ಖಾಸಗಿ ಕಂಪನಿಯಾಗಿರುವ ಕಾರ್ಖಾನೆಗಳು ನಿಗದಿತ ಮಿತಿಗಿಂತ ಹೆಚ್ಚು ಲಾಭ ಮಾಡಿದಾಗ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆಯೇ ಹೇಳುತ್ತದೆ. ಆರೋಗ್ಯವೂ ಸರಕಾರಿ ಸಂಶೋಧನಾ ಸಂಸ್ಥೆಗಳೂ ಅದರ ಪಟ್ಟಿಯಲ್ಲಿವೆ. ಸಹಕಾರಿ ಕಾರ್ಖಾನೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿ ಸಭಾಸದರು ಒಪ್ಪಿದರೆ ಸಾಕು.

ನಾಯಕತ್ವದ ಮಾತು ಬಂದಾಗ ನನಗೆ ನೆನಪಾಗುವುದು 2025ರ ಆಗಸ್ಟ್. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮುಖ್ಯಸ್ಥೆ ಸೂಸನ್ ಮೊನಾರೆಜ್ ಅಧಿಕಾರಕ್ಕೆ ಬಂದು ತಿಂಗಳು ತುಂಬುವ ಮೊದಲೇ ಕೆಲಸ ಕಳೆದುಕೊಂಡರು. ಪುರಾವೆ ನೋಡುವ ಮೊದಲೇ ಲಸಿಕಾ ಶಿಫಾರಸುಗಳಿಗೆ ಒಪ್ಪಿಗೆ ಕೊಡಬೇಕು, ಕಾರಣವಿಲ್ಲದೆ ವಿಜ್ಞಾನಿಗಳನ್ನು ತೆಗೆಯಬೇಕು ಎಂದು ಮೇಲಿನವರು ತಮಗೆ ಹೇಳಿದ್ದರು, ತಾವು ಒಪ್ಪಲಿಲ್ಲ ಎಂದು ಸೆಪ್ಟೆಂಬರಿನಲ್ಲಿ ಅವರು ಸೆನೆಟ್ ಸಮಿತಿಯ ಎದುರು ಹೇಳಿಕೆ ಕೊಟ್ಟರು. ಅದೇ ವರ್ಷ ಟೆಕ್ಸಾಸ್‌ನಲ್ಲಿ ಲಸಿಕೆ ಹಾಕಿಸದ ಮಕ್ಕಳು ದಡಾರದಿಂದ ಸತ್ತಿದ್ದರು. ಜಗತ್ತಿನ ಸಿರಿವಂತ ದೇಶದಲ್ಲೂ ಮೇಲೆ ಕುಳಿತವರು ಅನುಮಾನ ಬಿತ್ತಿದರೆ ಕೂಸುಗಳು ಸಾಯುತ್ತವೆ. ನಿಮ್ಮಿಂದ ಯಾರೂ ಕುರ್ಚಿ ಬಿಡಿ ಎಂದು ಕೇಳುತ್ತಿಲ್ಲ. ನಿಮ್ಮ ಮೊಮ್ಮಗುವನ್ನು ಒಂದು ಗುರುವಾರ ಸರಕಾರಿ ಆರೋಗ್ಯ ಕೇಂದ್ರಕ್ಕೇ ಕರೆತಂದು, ಗ್ಯಾಂಗಿನ ತಾಯಂದಿರ ಸಾಲಿನಲ್ಲಿ ನಿಂತು ಲಸಿಕೆ ಹಾಕಿಸಿ. ಆ ಸುದ್ದಿ ಕೇನ್ ಯಾರ್ಡಿನಲ್ಲಿ ಸಂಜೆಯೊಳಗೆ ಹಬ್ಬುತ್ತದೆ.

2025ರ ನವೆಂಬರಿನಲ್ಲಿ ಟನ್ ಕಬ್ಬಿಗೆ 3500 ರೂಪಾಯಿ ಬೇಕೆಂದು ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕೂತರು. ಆ ಹೋರಾಟ ನ್ಯಾಯದ್ದು, ಇಂದಿಗೂ ಹಾಗೇ ಹೇಳುತ್ತೇನೆ. ಆ ಟನ್ನಿನಲ್ಲಿ ಕಡಿದವರ ಬೆವರೂ ಇದೆ. ದರದ ಬಗ್ಗೆ ಬೆಳೆಗಾರರು ನಿಮ್ಮನ್ನು ಕೇಳಿದ ದನಿಯಲ್ಲೇ ಈ ಮಕ್ಕಳ ಬಗ್ಗೆಯೂ ಕೇಳಬೇಕಿತ್ತು. ತಡವಾದರೂ ಈಗ ಕೇಳುತ್ತಿದ್ದೇನೆ.

ಮುಂದಿನ ವಾರ್ಷಿಕ ಸಭೆಗೆ ನಾನು ಕೊಡಲಿರುವ ಠರಾವಿನ ಒಕ್ಕಣೆ ಹೀಗಿದೆ: “ಕಾರ್ಖಾನೆಯ ಕರಾರಿಗೆ ಒಳಪಟ್ಟ ಪ್ರತಿ ಗ್ಯಾಂಗಿನ 5 ವರ್ಷದೊಳಗಿನ ಮಕ್ಕಳ ಹಾಗೂ ಗರ್ಭಿಣಿಯರ ಹೆಸರನ್ನು ಮುಕಾದಮನ ಕರಾರಿನ ಜೊತೆಗೇ ಬರೆದುಕೊಳ್ಳತಕ್ಕದ್ದು. ಗ್ಯಾಂಗ್ ಇರುವ ಹೊಲದ ಮಾಹಿತಿಯನ್ನು ಪ್ರತಿ ಬುಧವಾರ ಸಂಜೆ ಆಯಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಗುರುವಾರ ನರ್ಸಿಗೆ ವಾಹನ ಒದಗಿಸತಕ್ಕದ್ದು. ಲಸಿಕೆ ಹಾಕಿಸಿದ ತಾಯಿಗೆ ಅರ್ಧ ದಿನದ ಕೂಲಿಯನ್ನು ಕಾರ್ಖಾನೆಯೇ ಭರಿಸತಕ್ಕದ್ದು, ಮುಂಗಡದಲ್ಲಿ ಮುರಿದುಕೊಳ್ಳತಕ್ಕದ್ದಲ್ಲ. ನುರಿಸಿದ ಪ್ರತಿ ಟನ್ನಿಗೆ 1 ರೂಪಾಯಿಯಂತೆ ತೆಗೆದಿಟ್ಟು, ಈ ಮಕ್ಕಳ ಆರೋಗ್ಯದ ಸಂಶೋಧನೆಗೆ ಜಿಲ್ಲೆಯ ವೈದ್ಯಕೀಯ ಸಂಸ್ಥೆಗೆ ಕೊಡತಕ್ಕದ್ದು. ಹಂಗಾಮಿನ ಕೊನೆಗೆ ಎಷ್ಟು ಮಕ್ಕಳಿದ್ದರು, ಎಷ್ಟು ಮಕ್ಕಳಿಗೆ ಯಾವ ಡೋಸ್ ಸಿಕ್ಕಿತು ಎಂಬುದನ್ನು ವಾರ್ಷಿಕ ವರದಿಯಲ್ಲಿ, ನುರಿಸಿದ ಕಬ್ಬಿನ ಲೆಕ್ಕದ ಪುಟದಲ್ಲೇ ಅಚ್ಚು ಹಾಕತಕ್ಕದ್ದು.”

ಸೂಚಕ ನಾನೇ. ಅನುಮೋದಕರಾಗಿ ಮಂಡಳಿಯ ಒಬ್ಬರು ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸದ,
ಒಬ್ಬ ಸಭಾಸದ, ರಾಯಬಾಗ ತಾಲೂಕು