ಧಾರವಾಡದ ಕಾಕಾ, ಮುಕ್ಕಾಂ ಪುಣೆ

ಪುಣೆಯಲ್ಲಿ ಕನ್ನಡದವರ ಮನೆಯ ಮದುವೆ ಎಂದರೆ ಕಾರ್ಯಾಲಯದ ಎರಡನೆಯ ಸಾಲಿನ ಒಂದು ಕುರ್ಚಿ ಬೆಳಗಿನಿಂದಲೇ ತುಂಬಿರುತ್ತದೆ. ತಲೆಯ ಮೇಲೆ ಫ್ಯಾನು, ಎಡಕ್ಕೆ ಊಟದ ಹಾಲಿನ ಬಾಗಿಲು, ಎದುರಿಗೆ ಮಂಟಪ. ಈ ಮೂರೂ ಕೂಡಿಬರುವ ಕುರ್ಚಿ ಯಾವುದೆಂದು ಒಳಗೆ ಕಾಲಿಟ್ಟ ಕೂಡಲೇ ಗುರುತಿಸಬಲ್ಲವರು ಧಾರವಾಡದ ಕಾಕಾ. ಹುಡುಗನ ಕಡೆಯವರೋ ಹುಡುಗಿಯ ಕಡೆಯವರೋ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ತಯಾರಿರುತ್ತದೆ: "ನಾವು ಧಾರವಾಡದ ಕಡೆಯವರು."

ಇಂಥ ಕಾಕಾ ಈ ಊರಲ್ಲಿ ಒಬ್ಬರೇ ಅಲ್ಲ. ಕೋಥ್ರೂಡಿಗೊಬ್ಬರು, ಸಿಂಹಗಡ ರಸ್ತೆಗೊಬ್ಬರು, ಚಿಂಚವಡಕ್ಕೆ ಇಬ್ಬರು ಮೂವರು ಸಿಕ್ಕೇ ಸಿಗುತ್ತಾರೆ. ಎಪ್ಪತ್ತರ ದಶಕದಲ್ಲಿ ಒಂದು ಟ್ರಂಕು, ಒಂದು ಡಿಗ್ರಿ ಹಿಡಿದು ಬಂದು, ಟೆಲ್ಕೊದಲ್ಲೋ ಖಡಕಿಯ ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಸೇರಿಕೊಂಡು, ಇಲ್ಲೇ ಮನೆ ಕಟ್ಟಿ, ಇಲ್ಲೇ ಮಕ್ಕಳನ್ನು ಓದಿಸಿ, ಇಲ್ಲೇ ನಿವೃತ್ತರಾದವರು. ಪುಣೆಗೆ ಬಂದು ನಲವತ್ತು ವರ್ಷ ದಾಟಿದರೂ 'ಬಂದೇನಿ' ಎನ್ನುತ್ತಾರೆಯೇ ಹೊರತು 'ಇದ್ದೇನಿ' ಎನ್ನುವುದಿಲ್ಲ. ಮರಾಠಿಯಲ್ಲಿ ಪು.ಲ. ದೇಶಪಾಂಡೆಯವರು ನಾರಾಯಣ ಎಂಬ ಪಾತ್ರವೊಂದನ್ನು ಚಿತ್ರಿಸಿದ್ದಾರೆ. ಮದುವೆಮನೆಯ ಅಷ್ಟೂ ಕೆಲಸ ತಲೆಯ ಮೇಲೆ ಹೊತ್ತು ಓಡಾಡುವ ಮನುಷ್ಯ ಆತ. ನಮ್ಮ ಕಾಕಾ ಕುರ್ಚಿ ಬಿಟ್ಟು ಏಳುವವರಲ್ಲ. ಮದುವೆ ಹೇಗೆ ಆಗಬೇಕಿತ್ತು ಎಂದು ಹೇಳುವುದೂ ಒಂದು ಕೆಲಸ, ಅದಕ್ಕೂ ಒಬ್ಬರು ಬೇಕು ಎಂಬುದು ಅವರ ನಂಬಿಕೆ.

ಪಕ್ಕದ ಕುರ್ಚಿಗೆ ಯಾರು ಬಂದು ಕೂತರೂ ಮೊದಲ ಪ್ರಶ್ನೆ ಒಂದೇ: "ಯಾವ ಊರಪಾ?" ಬೆಳಗಾವಿ ಎಂದರೆ "ಬರ್ರಿ ಬರ್ರಿ, ನಮ್ಮವರ." ವಿಜಯಪುರ ಎಂದರೆ "ಬಿಸಲು ಭಾಳ ಅಲ್ಲಾ?" ಬೆಂಗಳೂರು ಎಂದರೆ ಹುಬ್ಬು ಒಂದಿಷ್ಟು ಮೇಲೇರುತ್ತದೆ, ಮಾತು ಮುಂದುವರಿಯುವುದಿಲ್ಲ. ಹುಬ್ಬಳ್ಳಿ ಎಂದುಬಿಟ್ಟರೆ ಮಾತ್ರ ಕಾಕಾ ಎದುರಿನವರ ಕೈಯನ್ನು ಮೆಲ್ಲಗೆ ತಟ್ಟುತ್ತಾರೆ. "ಇರಲಿ ಬಿಡ್ರಿ, ಅದೂ ಊರ." 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡಿದ್ದನ್ನು ಅವರು ಇಂದಿಗೂ ಒಪ್ಪಿಲ್ಲ, ಅದೂ ಧಾರವಾಡದ ಹೆಸರನ್ನು ಹಿಂದೆ ಹಾಕಿದ್ದನ್ನು. 2024ರ ಸೆಪ್ಟೆಂಬರಿನಲ್ಲಿ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಗಾಡಿ ಶುರುವಾದಾಗ ಎಲ್ಲರಿಗೂ ಖುಷಿ. ಕಾಕಾಗೂ ಖುಷಿಯೇ, ಆದರೆ ಒಂದು ತಿದ್ದುಪಡಿಯೊಂದಿಗೆ: "ಗಾಡಿ ಬರೂದು ಧಾರವಾಡಕ್ಕ. ಮುಂದ ಹುಬ್ಬಳ್ಳಿಗೆ ತೊಳೀಲಿಕ್ಕೆ ಹೋಗ್ತದ."

ಊರಿನ ಅಭಿಮಾನದ ವಿಷಯದಲ್ಲಿ ಪುಣೆಯವರನ್ನು ಮೀರಿಸುವವರು ಈ ದೇಶದಲ್ಲಿ ಕಡಿಮೆ. ತಮ್ಮ ಊರಿನ ಮರಾಠಿಯೇ ಮರಾಠಿ, ತಮ್ಮ ಊರಿನ ಸಂಸ್ಕೃತಿಯೇ ಸಂಸ್ಕೃತಿ ಎಂದು ನಂಬಿದವರ ನಡುವೆ ಬಾಳುವೆ ಮಾಡಬೇಕಾದರೆ ಎದುರಿಗೆ ಒಂದು ಊರು ಇಟ್ಟುಕೊಳ್ಳಲೇಬೇಕು. ಕಾಕಾ ಧಾರವಾಡವನ್ನು ಹಾಗೆ ಇಟ್ಟುಕೊಂಡಿದ್ದಾರೆ. ಅವರ ಲೆಕ್ಕ ಸಮುದ್ರಮಟ್ಟದಿಂದಲೇ ಶುರು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಧಾರವಾಡ 700ಕ್ಕೂ ಮೇಲೆ. "ಅಂದ್ರ ಮೂಲದಿಂದನ ನಾವು ಮ್ಯಾಲ."

ಮಂಟಪದಲ್ಲಿ ಶಹನಾಯಿಯ ರೆಕಾರ್ಡು ಮುಗಿದು ಭೀಮಸೇನ ಜೋಶಿಯವರ ಅಭಂಗ ಶುರುವಾಯಿತೆಂದರೆ ಮುಗಿಯಿತು, ಸುತ್ತಲಿನ ನಾಲ್ಕು ಸಾಲಿನವರು ಪಾಠ ಕೇಳಬೇಕು. ಪುಣೆಯವರು ಪಂಡಿತಜೀ ತಮ್ಮವರೆಂದು ತಿಳಿದಿದ್ದಾರೆ. ತಿಳಿಯಲು ಕಾರಣವೂ ಇದೆ: ಬಾಳಿದ್ದು ಇಲ್ಲೇ, 2011ರಲ್ಲಿ ತೀರಿಕೊಂಡದ್ದೂ ಇಲ್ಲೇ. ಆದರೆ ಹುಟ್ಟಿದ್ದು ಗದಗ ಸೀಮೆಯಲ್ಲಿ, 1922ರಲ್ಲಿ. ಪುಣೆಯ ಡಿಸೆಂಬರಿನ ಚಳಿಯಲ್ಲಿ ಜನ ಶಾಲು ಹೊದ್ದು ಕೂಡುವ ಸವಾಯಿ ಗಂಧರ್ವ ಮಹೋತ್ಸವವನ್ನು ಅವರು 1953ರಲ್ಲಿ ಆರಂಭಿಸಿದ್ದು ತಮ್ಮ ಗುರುವಿನ ಸ್ಮರಣೆಗೆ, ಆ ಗುರು ಕುಂದಗೋಳದವರು. ಯಾರಾದರೂ ಜಾಣರು, "ಕಾಕಾ, ಗದಗ ಬ್ಯಾರೆ ಜಿಲ್ಲೆ ಅಲ್ಲೇನ್ರಿ?" ಎಂದರೆ ಕಾಕಾ ಅವರನ್ನು ಕನಿಕರದಿಂದ ನೋಡುತ್ತಾರೆ. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು ಎಂಬುದು ಸರಕಾರದ ವಿಚಾರ. ಕಾಕಾರ ನಕಾಶೆಯಲ್ಲಿ ಹಳೆಯ ಧಾರವಾಡ ಜಿಲ್ಲೆ ಇದ್ದಂತೆಯೇ ಇದೆ. ಅದರಿಂದ ಕೀರ್ತಿವಂತರ ಪೂರೈಕೆಗೆ ಎಂದೂ ತೊಂದರೆಯಾಗಿಲ್ಲ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಓದಿದರು ಎಂದು ಪುಣೆಯವರು ಹೇಳಿದರೆ, ಫರ್ಗ್ಯುಸನ್ ಕಾಲೇಜಿಗೆ ಬೇಂದ್ರೆ ಸಿಕ್ಕರು ಎಂದು ಇವರು. ಇಷ್ಟಕ್ಕೂ ಬಗ್ಗದಿದ್ದರೆ ಕೊನೆಯ ಬಾಣ ಶಂಕರ ಮೊಕಾಶಿ ಪುಣೇಕರರು. 'ಗಂಗವ್ವ ಗಂಗಾಮಾಯಿ' ಬರೆದವರು. "ನೋಡ್ರಿ, ಪುಣೇಕರ ಅಂತ ಅಡ್ಡಹೆಸರಿದ್ದವ್ರೂ ಛಲೋ ಕಾದಂಬರಿ ಬರೀಬೇಕಂದ್ರ ಧಾರವಾಡದಾಗ ಹುಟ್ಟಬೇಕಾತು."

ಒಂದು ಸಂಗತಿಯನ್ನು ಮಾತ್ರ ಕಾಕಾ ಬೇಗ ದಾಟಿಸಿಬಿಡುತ್ತಾರೆ. ಮದುವೆಗಳಲ್ಲಿ ಅವರು ಆಹೇರಿನ ಲಕೋಟೆಯ ಜತೆ ತಪ್ಪದೇ ಕೊಡುವುದು ಧಾರವಾಡ ಪೇಢೆಯ ಡಬ್ಬಿ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಖೋವಾ ಎಷ್ಟು ಹೊತ್ತು ಹುರಿದರೆ ಆ ಕಂದು ಬಣ್ಣ ಬರುತ್ತದೆ, ಮೇಲೆ ಸಕ್ಕರೆ ಯಾಕೆ ಹೊರಳಿಸುತ್ತಾರೆ, ಲೈನ್ ಬಜಾರದಲ್ಲಿ ಎಷ್ಟೊತ್ತಿಗೆ ಪಾಳಿ ಹಚ್ಚಬೇಕು, ಎಲ್ಲ ವಿವರವಾಗಿ ಹೇಳುತ್ತಾರೆ. ಅದನ್ನು ಮಾಡಲು ಶುರುಮಾಡಿದ ಠಾಕೂರರ ಮನೆತನ ಉತ್ತರ ಪ್ರದೇಶದ ಉನ್ನಾವದಿಂದ ಬಂದದ್ದು ಎಂಬಲ್ಲಿಗೆ ಬಂದಾಗ ಮಾತ್ರ ಅವರಿಗೆ ಸಣ್ಣ ಕೆಮ್ಮು ಬರುತ್ತದೆ.

ಕಾಕಾರ ಈ ಇಡೀ ಧಾರವಾಡ ನಿಂತಿರುವುದು ಒಂದು ಮದುವೆಯ ಮೇಲೆ. 1978ರ ಮೇ ತಿಂಗಳಲ್ಲಿ ಆದ ಅವರದೇ ಮದುವೆ. ಪುಣೆಯಲ್ಲಿ ಈವರೆಗೆ ಆದ ಮತ್ತು ಮುಂದೆ ಆಗಲಿರುವ ಎಲ್ಲ ಮದುವೆಗಳನ್ನೂ ಅವರು ಅಳೆಯುವುದು ಆ ಒಂದೇ ಅಳತೆಗೋಲಿನಿಂದ. ಹುಡುಗಿಯ ಮನೆಯವರು ಮೂಲತಃ ಅಥಣಿ ಕಡೆಯವರಾದರೂ ಮೂರು ತಲೆಮಾರಿನಿಂದ ಪುಣೆಯ ಸದಾಶಿವ ಪೇಠೆಯಲ್ಲಿದ್ದವರು. ಮನೆಯಲ್ಲಿ ಮಾತು ಕನ್ನಡ, ಜಗಳ ಮರಾಠಿ. ರೂಢಿಯ ಪ್ರಕಾರ ಮದುವೆ ಹುಡುಗಿಯ ಊರಲ್ಲಾಗಬೇಕು. ಆದರೆ ಕಾಕಾರ ಅಜ್ಜಿಗೆ ಪ್ರವಾಸ ಆಗದು ಎಂಬ ಕಾರಣಕ್ಕೆ ಬೀಗರೇ ಸಾಮಾನು ಕಟ್ಟಿಕೊಂಡು ಧಾರವಾಡಕ್ಕೆ ಬಂದರು. ಅಜ್ಜಿ ಮರುವರ್ಷ ಕಾಶಿಗೆ ಹೋಗಿಬಂದರಂತೆ. ಅದು ಬೇರೆ ಮಾತು.

ಈ ಮದುವೆಗೆ ಎರಡು ಪಾಠಾಂತರಗಳಿವೆ. ಕಾಕಾರ ಪಾಠದಲ್ಲಿ ಕಥೆ ಶುರುವಾಗುವುದು ಹಂದರದಿಂದ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹಂದರ, ಮಾವಿನ ತೋರಣ, ಅಂಗಳದಲ್ಲಿ ತೋಡಿದ ಒಲೆಗಳು, ಪಂಗತಿಯ ಮೇಲೆ ಪಂಗತಿ. "ಬುಫೆ ಗಿಫೆ ಇದ್ದಿದ್ದಿಲ್ರಿ ಆಗ. ನೆಲದ ಮ್ಯಾಲ ಕೂತು ಬಾಳಿ ಎಲಿ ಮ್ಯಾಲ ಊಟ. ಬದನಿಕಾಯಿ ಎಣ್ಣಿಗಾಯಿ, ಕಟ್ಟಿನ ಸಾರು, ಬುಂದಿ ಉಂಡಿ, ಮ್ಯಾಲ ಹೋಳಿಗಿ, ಹೋಳಿಗಿ ಮ್ಯಾಲ ತುಪ್ಪ. ಬ್ಯಾಡ ಅಂದ್ರ ಬಡಸವ್ರು ಇನ್ನೆರಡು ಹಾಕತಿದ್ರು!" ಹೋಳಿಗೆಯ ಒಟ್ಟು ಸಂಖ್ಯೆ ಕಥೆ ಹೇಳುವ ದಿನದ ಹವೆಯನ್ನು ಅವಲಂಬಿಸಿದೆ. ಮೊದಮೊದಲು ಸಾವಿರ ಇತ್ತು, ಮಗಳ ಮದುವೆಯ ಹೊತ್ತಿಗೆ ಎರಡು ಸಾವಿರ, ಈಗ ಮೂರು ಸಾವಿರಕ್ಕೆ ಬಂದು ನಿಂತಿದೆ. ಮುಹೂರ್ತಕ್ಕೆ ಸರಿಯಾಗಿ ಮಳೆ ಬಂತು. ಮೇ ತಿಂಗಳಲ್ಲಿ! "ಇಂದ್ರನ ಅಕ್ಷತಿ ಹಾಕಿದ."

ಅವರ ಹೆಂಡತಿ ಕಾಕೂನ ಪಾಠ ಮಿರಜದಿಂದ ಶುರು. ಆಗ ಪುಣೆಯಿಂದ ಮಿರಜದವರೆಗೆ ಬ್ರಾಡ್ ಗೇಜ್, ಅಲ್ಲಿಂದ ಧಾರವಾಡಕ್ಕೆ ಮೀಟರ್ ಗೇಜ್. ಮದುವೆಗೆ ಹೊರಟ ಇಡೀ ದಂಡು ಅರ್ಧರಾತ್ರಿ ಮಿರಜದಲ್ಲಿ ಇಳಿದು, ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ ಸಾಮಾನು ಸಾಗಿಸಬೇಕು. ಟ್ರಂಕುಗಳು, ಉಂಡಿಯ ಡಬ್ಬಿಗಳು, ನಿದ್ದೆಗಣ್ಣಿನ ಹುಡುಗರು, ಪ್ರತಿ ಐದು ನಿಮಿಷಕ್ಕೊಮ್ಮೆ ನಗಗಳ ಚೀಲ ಎಲ್ಲಿ ಎಂದು ಕೇಳುವ ಒಬ್ಬ ಮಾವ. ಇವೆಲ್ಲದರ ಜತೆ ಆತ್ಯಾ ಒಬ್ಬರು ರುಖವತಕ್ಕೆಂದು ಸಕ್ಕರೆಯಲ್ಲಿ ಮಾಡಿದ ಶನಿವಾರವಾಡೆ. ಮದುವೆಮನೆಯಲ್ಲಿ ನಾಲ್ಕು ಜನ ನೋಡಲೆಂದು ಹುಡುಗಿಯ ಕಡೆಯವರ ಕುಶಲಕಲೆಯನ್ನು ಸಾಲಾಗಿ ಜೋಡಿಸಿಡುವ ಆ ರುಖವತದಲ್ಲಿ ಸದಾಶಿವ ಪೇಠೆಯ ಮಾನ ಉಳಿಸಬೇಕಾದ ಐಟಂ ಅದೇ. ಆತ್ಯಾ ಅದನ್ನು ಪುಣೆಯಿಂದ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ಮಿರಜದ ಮೆಟ್ಟಿಲ ಮೇಲೆ ಹಮಾಲನ ಮೊಣಕೈ ತಗುಲಿ ದಿಲ್ಲಿ ದರ್ವಾಜಾ ಉದುರಿತು. ಸಣ್ಣ ಗಾಡಿ ಏರುವಾಗ ಒಂದು ಬುರುಜು ಹೋಯಿತು. ಬೆಳಗಾವಿ ದಾಟುವ ಹೊತ್ತಿಗೆ ಹುಡುಗರು ತಟಬಂದಿ ತಿಂದು ಮುಗಿಸಿದ್ದರು. ಕಾಕಾ ಈ ಪಾಠದಿಂದ ಎತ್ತಿಕೊಂಡದ್ದು ಒಂದೇ ಸಾಲು: "ನಮ್ಮೂರು ಮುಟ್ಟೂದರಾಗ ಪೇಶ್ವಾಯಿ ಮುಗದಿತ್ತು."

ಮಳೆಯ ವಿಷಯಕ್ಕೆ ಬಂದರೆ, ಕಾಕೂ ಹೇಳುವಂತೆ ಇಂದ್ರ ಅಕ್ಷತೆಯೊಂದನ್ನೇ ಹಾಕಲಿಲ್ಲ, ಹಂದರದ ಅರ್ಧ ಭಾಗವನ್ನೂ ಕೆಳಗೆ ಹಾಕಿದ. ಗುರುಗಳು 'ಸಾವಧಾನ' ಎನ್ನುವುದಕ್ಕೂ ಗಳ ಮುರಿಯುವುದಕ್ಕೂ ಸರಿಹೋಯಿತು. (ಸಮರ್ಥ ರಾಮದಾಸರು ಆ ಶಬ್ದ ಕಿವಿಗೆ ಬಿದ್ದೊಡನೆ ಮದುವೆಮನೆಯಿಂದ ಓಡಿಹೋದರೆಂಬ ಕಥೆ ಇದೆ. ಅವರಿಗೆ ಗಳ ಮುರಿಯುವವರೆಗೆ ಕಾಯುವ ಪ್ರಸಂಗ ಬರಲಿಲ್ಲ.) ಹುಡುಗಿಯ ಕಡೆಯವರು ಪುಣೆಯ ಶಿಸ್ತಿನಂತೆ ಒಂದು ತಾಸು ಮೊದಲೇ ಬಂದು ಕೂತಿದ್ದರು, ಹೀಗಾಗಿ ಅಷ್ಟೂ ಜನ ತೊಯ್ದರು. ಧಾರವಾಡದವರು ಧಾರವಾಡದ ಶಿಸ್ತಿನಂತೆ ಇನ್ನೂ ಮನೆ ಬಿಟ್ಟಿರಲಿಲ್ಲ, ಹೀಗಾಗಿ ಒಬ್ಬರೂ ತೊಯ್ಯಲಿಲ್ಲ. "ಅಹೋ, ಹೋಳಿಗಿ ಮೂರ ಸಾವಿರ ಅಂತೀರಿ," ಎಂದು ಕಾಕೂ ನಡುವೆ ಬಾಯಿ ಹಾಕುತ್ತಾರೆ, "ನನ್ನ ಎಲಿಗೆ ಒಂದರ ಬಿತ್ತೇನು ಕೇಳ್ರಿ. ಎಲ್ಲಾ ಮುಗದಾವ ಅಂತ ನನಗ ಅವಲಕ್ಕಿ ಕೊಟ್ಟಿದ್ರು." ಕಾಕಾ ವಿಚಲಿತರಾಗುವುದಿಲ್ಲ. "ಮುಗದೂ ಅಂದ್ರ ಎಷ್ಟ ರುಚಿ ಇದ್ದಿರಬೇಕು, ವಿಚಾರ ಮಾಡ್ರಿ."

ಇದೆಲ್ಲ ಕೇಳಿದವರಿಗೆ ಕಾಕಾ ಪುಣೆಯಲ್ಲಿ ಹೇಗೆ ದಿನ ದೂಡುತ್ತಾರೋ ಎಂದು ಅನಿಸಬಹುದು. ಮನೆಗೆ ಹೋಗಿ ನೋಡಬೇಕು. ಫ್ಲಾಟಿನ ಹೆಸರು 'ಸಾಧನಕೇರಿ', ಅದು ಸರಿ. ಅದರ ಕೆಳಗೊಂದು ಫಲಕ, ಕನ್ನಡದಲ್ಲೂ ಮರಾಠಿಯಲ್ಲೂ: 'ಮಧ್ಯಾಹ್ನ 1ರಿಂದ 4 ಬೆಲ್ ಒತ್ತಬಾರದು. ಒತ್ತಿದರೆ ಬಾಗಿಲು ತೆಗೆಯುವುದಿಲ್ಲ. ತೆಗೆದರೂ ಮಾತಾಡುವುದಿಲ್ಲ.' ಚಿತಳೆಯವರೇ ಮಧ್ಯಾಹ್ನ ಅಂಗಡಿ ಮುಚ್ಚುವ ಹಳೆಯ ವಾಡಿಕೆ ಬಿಟ್ಟಿರುವಾಗ ಅದನ್ನು ಉಳಿಸಿಕೊಂಡು ಬಂದ ಕೊನೆಯ ಪುಣೇಕರರಲ್ಲಿ ಧಾರವಾಡದ ಕಾಕಾ ಒಬ್ಬರು. ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮ ಐದು ನಿಮಿಷ ತಡವಾದರೆ ಗಡಿಯಾರ ನೋಡಿ ನಾಲಿಗೆ ಲೊಚಗುಟ್ಟುತ್ತಾರೆ. ರಿಕ್ಷಾದವನೊಡನೆ ಮೂರು ರೂಪಾಯಿ ಚಿಲ್ಲರೆಗೆ ತತ್ವದ ಪ್ರಶ್ನೆ ಎತ್ತುತ್ತಾರೆ. ವರ್ಷಕ್ಕೊಮ್ಮೆ ಧಾರವಾಡಕ್ಕೆ ಹೋದರಂತೂ ಅಲ್ಲಿನ ಅಣ್ಣತಮ್ಮಂದಿರು ಎರಡನೆಯ ದಿನಕ್ಕೇ ಸುಸ್ತು. "ನಮ್ಮ ಪುಣಾದಾಗ ಹಿಂಗಿಲ್ಲ ನೋಡ್ರಿ. ಹನ್ನೆರಡಾ ಹತ್ತು ಅಂದ್ರ ಹನ್ನೆರಡಾ ಹತ್ತಕ್ಕ ಅಕ್ಷತಿ. ಮಸಾಲೆ ಭಾತ, ಮಠ್ಠಾ, ಜಿಲೇಬಿ, ಒಂದೂವರಿಗೆ ಎಲ್ಲಾರೂ ಮನಿಗೆ." ಅಲ್ಲಿ ಅವರನ್ನು ಕರೆಯುವುದೇ ಪುಣೆಯ ಕಾಕಾ ಎಂದು. ಊರಿನ ಬಗ್ಗೆ ಇಷ್ಟು ಹಟದಿಂದ, ಇಷ್ಟು ಅಂಕಿ-ಅಂಶ ಹಿಡಿದು ಜಂಬ ಪಡುವುದನ್ನು ಧಾರವಾಡ ಯಾರಿಗೂ ಕಲಿಸುವುದಿಲ್ಲ. ಅಲ್ಲಿಯವರಿಗೆ ಅಷ್ಟು ಪುರುಸೊತ್ತು ಇದ್ದರೂ ಅಷ್ಟು ಉಮೇದು ಇರುವುದಿಲ್ಲ. ಆ ವಿದ್ಯೆ ಸದಾಶಿವ ಪೇಠೆಯದು. ಕಾಕಾ ಅದನ್ನು ಅಳಿಯತನದ ಜತೆಗೇ ಪಡೆದುಕೊಂಡರು ಎಂದು ನನ್ನ ಅನುಮಾನ.

ಈಚೆಗೆ ಕಾಕಾರ ಮೊಮ್ಮಗಳ ಮದುವೆಯಾಯಿತು. ಹುಡುಗಿ ಹಿಂಜವಡಿಯಲ್ಲಿ ಸಾಫ್ಟ್‌ವೇರು, ಹುಡುಗ ಮೈಸೂರಿನವನು. ಹಿಂದಿನ ದಿನ ಹಲ್ದಿ, ಸಂಗೀತ. ಮದುವೆಯ ದಿನ ತಲೆಯ ಮೇಲೆ ಗುಂಯ್‌ಗುಡುವ ಡ್ರೋನು. ಸ್ವಂತ ಮನೆಯ ಕಾರ್ಯವಾದರೂ ಕಾಕಾ ಎರಡನೆಯ ಸಾಲಿನ ಕುರ್ಚಿ ಬಿಡಲಿಲ್ಲ. ಸಿಂಹಗಡದ ಮೇಲೆ ತೆಗೆಸಿದ ಪ್ರಿ-ವೆಡ್ಡಿಂಗ್ ಫೋಟೋಗಳು ಪರದೆಯ ಮೇಲೆ ಬರುತ್ತಿದ್ದಂತೆ, "ಇಷ್ಟೆಲ್ಲಾ ಮೊದಲ ಆದ್ರ ಇವತ್ತೇನ್ ಉಳೀತು?" ಎಂದರು. ಮೈಸೂರಿನ ಬೀಗರು ಹುಡುಗನಿಗೆ ಕೊಡೆ, ಬೆತ್ತ ಕೊಟ್ಟು ಕಾಶಿಯಾತ್ರೆಗೆ ಹೊರಡಿಸಿದಾಗ ಒಂದಿಷ್ಟು ಕುತೂಹಲದಿಂದ ನೋಡಿದರು. ಡ್ರೋನು ತಲೆಯ ಮೇಲೆ ಬಂದಾಗ ಹಳೆಯ ಕರೀ ಟೊಪ್ಪಿಗೆ ಸರಿಮಾಡಿಕೊಂಡರು.

ಅಕ್ಷತೆ ಮುಗಿದ ಮೇಲೆ ಹುಡುಗ ಹುಡುಗಿ ಒಬ್ಬರಿಗೊಬ್ಬರು ತುತ್ತು ತಿನ್ನಿಸುವ ಹೊತ್ತು. ಒಡಪು ಹೇಳಿ ಗಂಡನ ಹೆಸರು ತೆಗೆದುಕೊಳ್ಳಬೇಕು. ಮೊಮ್ಮಗಳು ಮೊಬೈಲಿನಲ್ಲಿ ಬರೆದುಕೊಂಡದ್ದನ್ನು ಓದಿ ಪಾರಾದಳು. ಹುಡುಗರು ಬಿಡಬೇಕಲ್ಲ, "ಈಗ ಆಜ್ಜಿ! ಈಗ ಆಜ್ಜಿ!" ಎಂದು ಗದ್ದಲ ಎಬ್ಬಿಸಿ ಕಾಕೂನ ಕೈಗೆ ಮೈಕು ಕೊಟ್ಟರು. ಕಾಕೂ ಸೆರಗು ಸರಿಪಡಿಸಿಕೊಂಡು, ಎರಡನೆಯ ಸಾಲಿನ ಕಡೆಗೊಮ್ಮೆ ನೋಡಿ, ನಿಲ್ಲದೇ ಹೇಳಿದರು:

"ಲೈನ್ ಬಜಾರದಾಗ ಪೇಢಾಕ್ಕ ಪಾಳಿ,
ಲಕ್ಷ್ಮೀ ರೋಡಿನ್ಯಾಗ ಸೀರಿಗೆ ಪಾಳಿ,
ನಮ್ಮ ರಾಯರ ಬಾಯಾಗ ಧಾರವಾಡ ಮುಗದ್ರ
ಆಮ್ಯಾಲ ಬರ್ತದ ನನ್ನ ಪಾಳಿ!"

ಕಾರ್ಯಾಲಯ ಬಿದ್ದು ಬಿದ್ದು ನಕ್ಕಿತು. ಅರ್ಥವಾಗದ ಮೈಸೂರಿನವರೂ ನಕ್ಕರು. ಕಾಕಾ ಎಲ್ಲರ ನಗು ಮುಗಿಯುವವರೆಗೆ ತಾಳ್ಮೆಯಿಂದ ಕಾದು, ಪಕ್ಕದಲ್ಲಿದ್ದ ಬೀಗರ ಮೊಣಕೈ ತಟ್ಟಿ ಹೇಳಿದರು: "ನೋಡಿದ್ರಿಲ್ಲೋ? ಮದುವಿಗಂತ ನಾಕ ದಿನ ಧಾರವಾಡದಾಗ ಇದ್ದಳು, ಅಷ್ಟಕ್ಕ ಇಷ್ಟ ಛಲೋ ಒಡಪು ಕಲ್ತು ಬಂದಾಳ."